ಗಲ್ಫ್‌ನಲ್ಲಿ ಹೋಟೆಲ್ ಊಟ: ದಿನಾ ತಿನ್ನುವವರು ಏನು ಆರ್ಡರ್ ಮಾಡಬೇಕು, ಏನು ಬಿಡಬೇಕು?

ಊರಲ್ಲಿ ಹೋಟೆಲ್ ಊಟ ಅಂದರೆ ಪೇಟೆಗೆ ಹೋದಾಗಿನ ಮಾತು. ಗಲ್ಫ್‌ಗೆ ಬಂದ ಬ್ಯಾಚುಲರ್‌ಗಳಿಗೆ ಅದೇ ದಿನದ ಊಟ. ಬೆಳಿಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಪೊರೊಟ್ಟ, ಮಧ್ಯಾಹ್ನ ಬಿರಿಯಾನಿ ಪಾರ್ಸೆಲ್, ನಡುವೆ ನಾಲ್ಕು ಕರಕ್ ಚಹಾ, ರಾತ್ರಿ ಅಡುಗೆ ಮಾಡುವ ಶಕ್ತಿ ಇಲ್ಲದೆ ಶವರ್ಮಾ. ಹೀಗೆ ಐದಾರು ವರ್ಷ ಕಳೆದು ರಜೆಗೆ ಊರಿಗೆ ಹೋದಾಗ, ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿ ಶುಗರ್ ಇದೆ ಎಂದು ತಿಳಿದುಕೊಂಡವರು ಎಲ್ಲರ ಬಳಗದಲ್ಲೂ ಇದ್ದಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ವರದಿಯಂತೆ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ವಲಯದಲ್ಲಿ ವಯಸ್ಕರ ಪೈಕಿ ಶೇ. 16ರಷ್ಟು ಮಂದಿಗೆ ಮಧುಮೇಹವಿದೆ. ಜಗತ್ತಿನ ಬೇರೆ ಯಾವ ವಲಯದಲ್ಲೂ ಪ್ರಮಾಣ ಇಷ್ಟಿಲ್ಲ. ದಕ್ಷಿಣ ಏಷ್ಯಾದವರಿಗಂತೂ ಮೈ ದಪ್ಪ ಇಲ್ಲದಿದ್ದರೂ, ಚಿಕ್ಕ ವಯಸ್ಸಿನಲ್ಲೇ ಅದು ಬರುತ್ತದೆ.

ತಿಂಗಳಿಗೊಮ್ಮೆ ಗೆಳೆಯರ ಜತೆ ಮಂದಿ ತಿಂದರೆ ಏನೂ ಆಗುವುದಿಲ್ಲ. ಪೆಟ್ಟು ಕೊಡುವುದು ಯೋಚನೆ ಮಾಡದೆ ದಿನಾ ಹೇಳುವ ಆರ್ಡರ್. ಅದರಲ್ಲಿ ಮೊದಲನೆಯದು ಕರಕ್. ಒಂದು ಸಣ್ಣ ಕಪ್‌ಗೆ ಎರಡು ಚಮಚ ಸಕ್ಕರೆ ಅಂದರೂ ಸುಮಾರು 8 ಗ್ರಾಂ; ದಿನಕ್ಕೆ ನಾಲ್ಕು ಕಪ್ ಆದರೆ 32 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 50 ಗ್ರಾಂ ಸಕ್ಕರೆ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಅಂದರೆ ಊಟಕ್ಕೆ ಕೂರುವ ಮೊದಲೇ ಲೆಕ್ಕ ಮುಗಿದಂತೆ. ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದರೆ ಇನ್ನೂ ಜಾಸ್ತಿ. ಕೌಂಟರ್‌ನಲ್ಲಿ ಇರುವವರು ಹೆಚ್ಚಾಗಿ ಮಲಯಾಳಿಗಳು, "ವಿತೌಟ್" ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅರಬ್ ಹೋಟೆಲ್‌ನಲ್ಲಾದರೆ "ಬಿದೂನ್ ಸುಕ್ಕರ್". ಒಮ್ಮೆಲೇ ಬಿಡಲು ಆಗದವರು ಒಂದು ವಾರ ಒಂದು ಚಮಚಕ್ಕೆ ಇಳಿಸಿ, ಆಮೇಲೆ ಅರ್ಧಕ್ಕೆ ಇಳಿಸಬಹುದು. ನಾಲಿಗೆ ಬೇಗ ಒಗ್ಗಿಕೊಳ್ಳುತ್ತದೆ. ಸಕ್ಕರೆ ಇಲ್ಲದ ಸುಲೈಮಾನಿಗೆ ನಿಂಬೆ ಹಿಂಡಿದರೆ ಚೆನ್ನಾಗಿಯೇ ಇರುತ್ತದೆ.

ಬಿರಿಯಾನಿಯ ಜತೆ ಬರುವ ಪೆಪ್ಸಿ, ಕೋಲಾದ 330 ಮಿ.ಲೀ. ಕ್ಯಾನ್‌ನಲ್ಲಿ ಸಾಮಾನ್ಯವಾಗಿ 35 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. 2017ರಲ್ಲಿ ಸೌದಿ ಮತ್ತು ಯುಎಇ ಇದಕ್ಕೆ ಶೇ. 50, ಎನರ್ಜಿ ಡ್ರಿಂಕ್‌ಗೆ ಶೇ. 100 ತೆರಿಗೆ ಹಾಕಿದ್ದು ಸುಮ್ಮನೆ ಅಲ್ಲ. ಜ್ಯೂಸ್ ಅಂಗಡಿಯ ಅವಕಾಡೊ, ಮಾವಿನ ಜ್ಯೂಸ್‌ಗೂ ಸಕ್ಕರೆ ಪಾಕ, ಕೆಲವೊಮ್ಮೆ ಐಸ್‌ಕ್ರೀಮ್ ಬೀಳುತ್ತದೆ. ಬದಲಿಗೆ ಲಬನ್ ಕೇಳಿದರೆ ಊರಿನ ಮಜ್ಜಿಗೆ ಕುಡಿದ ಹಾಗಾಯಿತು.

ಇನ್ನು ಅನ್ನ. ಇಲ್ಲಿನ ಒಂದು ಪ್ಲೇಟ್ ಮಂದಿ ಅಥವಾ ಮಜ್ಬೂಸ್‌ನ ಅನ್ನ ಅನೇಕ ಕಡೆ ಇಬ್ಬರಿಗೆ ಸಾಕು. ನಾಲ್ವರು ಹೋದರೆ ಮೂವರಿಗೆ ಆರ್ಡರ್ ಮಾಡಿ ಒಂದು ಸಲಾಡ್ ಹೆಚ್ಚು ತರಿಸಿದರೆ ದುಡ್ಡೂ ಉಳಿಯುತ್ತದೆ. ಮೊದಲು ಸಲಾಡ್ ಮತ್ತು ಮಾಂಸ, ಕೊನೆಗೆ ಅನ್ನ ತಿಂದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. "ಅನ್ನ ಎಷ್ಟು ಬೇಕಾದರೂ" ಎನ್ನುವ ಊಟದ ಹೋಟೆಲ್‌ಗಳಲ್ಲಿ ಎರಡನೇ ಸಲ ಅನ್ನದ ಬದಲು ತೋರನ್, ಪಲ್ಯ, ಸಾಂಬಾರ್ ಹಾಕಿಸಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಕರಾವಳಿಯವರಿಗೆ ಮೀನು ಬಿಡಲಾಗದು, ಬಿಡಬೇಕಾಗಿಯೂ ಇಲ್ಲ. ಬೂತಾಯಿ, ಬಂಗುಡೆ ಅಗ್ಗ, ಹೃದಯಕ್ಕೂ ಒಳ್ಳೆಯದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಫ್ರೈ ಬದಲು ಸಾರು, ಇಲ್ಲವೇ ಗ್ರಿಲ್ ಕೇಳಬೇಕು ಅಷ್ಟೆ.

ಪೊರೊಟ್ಟ ಪೂರಾ ಮೈದಾ ಮತ್ತು ಎಣ್ಣೆ. ಅದನ್ನು ಬಿಟ್ಟು ಖುಬೂಸ್‌ಗೆ ಹೋದರೆ ಎಣ್ಣೆ ಉಳಿಯಿತು, ಮೈದಾ ಹಾಗೇ ಇದೆ. ಬ್ರೌನ್ ಖುಬೂಸ್ ಅಥವಾ ಚಪಾತಿ ಮೇಲು. ಜತೆಗೆ ಏನು ಎನ್ನುವುದಕ್ಕೆ ಅರಬ್ ಅಡುಗೆಯಲ್ಲೇ ಒಳ್ಳೆಯ ಉತ್ತರ ಇದೆ, ನಮ್ಮವರು ಅದನ್ನು ಕೇಳುವುದೇ ಕಡಿಮೆ. ಬೇಯಿಸಿದ ಬೀನ್ಸ್‌ನ ಫೂಲ್, ಕಡಲೆಯ ಹಮ್ಮುಸ್, ಅದಸ್ ಎನ್ನುವ ಬೇಳೆ ಸೂಪು, ತಬೂಲೆ ಸಲಾಡ್. ಫೂಲ್ ಕೆಲವೇ ದಿರ್ಹಮ್, ರಿಯಾಲ್‌ಗೆ ಸಿಗುತ್ತದೆ. ಪ್ರೊಟೀನ್, ನಾರು ಎರಡೂ ಇರುವುದರಿಂದ ಬೆಳಿಗ್ಗೆ ತಿಂದರೆ ಮಧ್ಯಾಹ್ನದವರೆಗೆ ಹಸಿವು ಕಾಡುವುದಿಲ್ಲ. ಸಸ್ಯಾಹಾರಿಗಳಿಗಂತೂ ದಿನಾ ಮಸಾಲೆ ದೋಸೆ, ಪೂರಿಗಿಂತ ಇದು ಎಷ್ಟೋ ಉತ್ತಮ. ಮೇಲೆ ಸುರಿಯುವ ಆಲಿವ್ ಎಣ್ಣೆ ಮಾತ್ರ ಕಮ್ಮಿ ಮಾಡಿಸಬೇಕು.

ಉಪ್ಪಿಗೆ ದಿನಕ್ಕೆ 5 ಗ್ರಾಂ ಮಿತಿ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಶವರ್ಮಾದ ಪಿಕಲ್, ಸಾಸ್‌ಗಳಲ್ಲೇ ಅದು ದಾಟಬಹುದು. ಬಿಸಿಲಲ್ಲಿ ಬೆವರು ಸುರಿಸುವವರ ದೇಹದಿಂದ ಉಪ್ಪು ಹೋಗುತ್ತದೆ ಎನ್ನುವುದು ನಿಜ. ಆದರೆ ಪ್ರೆಶರ್ ಇರುವವರು ಅದನ್ನೇ ನೆಪ ಮಾಡಿಕೊಂಡು ಉಪ್ಪು ಹೆಚ್ಚಿಸುವ ಮೊದಲು ಡಾಕ್ಟರ್ ಹತ್ತಿರ ಕೇಳಬೇಕು. ಸೌದಿಯಲ್ಲಿರುವವರಿಗೆ ಒಂದು ಅನುಕೂಲ: 2019ರಿಂದ ಅಲ್ಲಿನ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕು. ಬೆಲೆಯ ಪಕ್ಕದ ಆ ಸಂಖ್ಯೆಯನ್ನೂ ನೋಡುವ ಅಭ್ಯಾಸ ಒಳ್ಳೆಯದು. ದಿನವಿಡೀ ಡೆಸ್ಕ್‌ನಲ್ಲಿ ಕೂತಿರುವ ಗಂಡಸಿಗೆ ಇಡೀ ದಿನಕ್ಕೆ 2,000ದಿಂದ 2,400 ಕ್ಯಾಲೊರಿ ಸಾಕು. ಕನ್‌ಸ್ಟ್ರಕ್ಷನ್ ಸೈಟಿನಲ್ಲಿ ದುಡಿಯುವವನಿಗೆ ಅದಕ್ಕಿಂತ ಹೆಚ್ಚು ಬೇಕು.

ಶವರ್ಮಾದ ವಿಷಯದಲ್ಲಿ ಎಣ್ಣೆಗಿಂತ ದೊಡ್ಡ ಚಿಂತೆ ಶುಚಿತ್ವ. 2024ರ ಏಪ್ರಿಲ್‌ನಲ್ಲಿ ರಿಯಾದ್‌ನ ಹೋಟೆಲೊಂದರ ಆಹಾರದಿಂದ ಹಲವರು ಆಸ್ಪತ್ರೆ ಸೇರಿದಾಗ, ಮಯೊನೈಸ್‌ನಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಗಿರಾಕಿ ಹೆಚ್ಚಿರುವ, ಮಾಂಸ ಬೇಗ ಖಾಲಿಯಾಗುವ ಅಂಗಡಿಯೇ ಸುರಕ್ಷಿತ. ಒಳಗೆ ಕೆಂಪಗಿದ್ದರೆ ವಾಪಸ್ ಕೊಡಬೇಕು, ಸಂಕೋಚ ಬೇಡ. ಬೇಸಿಗೆಯಲ್ಲಿ ಮಧ್ಯಾಹ್ನದ ಪಾರ್ಸೆಲನ್ನು ಸೈಟಿನಲ್ಲೋ ವ್ಯಾನಿನಲ್ಲೋ ಇಟ್ಟರೆ ಒಂದು ಗಂಟೆಯೊಳಗೆ ತಿನ್ನಬೇಕು. ಉಳಿದದ್ದನ್ನು ರಾತ್ರಿಗೆ ಇಡುವುದು ಬೇಡ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು "ಇವತ್ತು ಪಾರ್ಟಿ ಇದೆ" ಎಂದು ಮಧ್ಯಾಹ್ನದ ಊಟ ಬಿಡಬಾರದು, ಶುಗರ್ ಏಕಾಏಕಿ ಇಳಿದು ತಲೆ ತಿರುಗಿ ಬೀಳುವ ಅಪಾಯವಿದೆ. ರಂಜಾನ್ ಉಪವಾಸಕ್ಕೂ ಮೊದಲೇ ಡಾಕ್ಟರ್‌ನ್ನು ಕಂಡು ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು.

ತಿಂಗಳ ಮೆಸ್ ಕಟ್ಟಿದವರಿಗೆ ಆರ್ಡರ್ ಬದಲಿಸುವ ಸ್ವಾತಂತ್ರ್ಯ ಕಡಿಮೆ ಅನಿಸಬಹುದು. ಒಬ್ಬನೇ ಕೇಳಿದರೆ ಮೆಸ್‌ನವರು ಕಿವಿಗೆ ಹಾಕಿಕೊಳ್ಳಲಿಕ್ಕಿಲ್ಲ. ಆದರೆ ರೂಮಿನ ಆರು ಜನ ಒಟ್ಟಿಗೆ ಹೋಗಿ ಸಾರಿಗೆ ಎಣ್ಣೆ ಕಮ್ಮಿ, ರಾತ್ರಿ ಪೊರೊಟ್ಟ ಬದಲು ಚಪಾತಿ, ವಾರಕ್ಕೆ ಎರಡು ದಿನ ಹೆಸರುಕಾಳು ಅಥವಾ ಕಡಲೆ ಎಂದು ಹೇಳಿದರೆ ಆರು ಗಿರಾಕಿಗಳನ್ನು ಕಳೆದುಕೊಳ್ಳಲು ಯಾವ ಮೆಸ್ಸೂ ಸುಲಭಕ್ಕೆ ತಯಾರಿರುವುದಿಲ್ಲ.