ಮನೋವಿಕೃತಿಗೆ ಆರಂಭಿಕ ಚಿಕಿತ್ಸೆ: ಆರ್ಥಿಕ ಮೌಲ್ಯದ ಇತಿಹಾಸ

ಯಾರೂ ಆಡದ ಮಾತು ಕಿವಿಗೆ ಬೀಳುವುದು, ಆಧಾರವಿಲ್ಲದ ಸಂಶಯ ಬೇರೂರುವುದು, ಮಾತು ಮತ್ತು ನಡವಳಿಕೆ ಹಿಡಿತ ತಪ್ಪುವುದು ಮನೋವಿಕೃತಿಯ, ಅಂದರೆ ಸೈಕೋಸಿಸ್‌ನ, ಮುಖ್ಯ ಲಕ್ಷಣಗಳು. ಹೆಚ್ಚಿನವರಲ್ಲಿ ಇದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನವರೆಗೆ, ದುಡಿಮೆಗೆ ತೊಡಗುವ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ರೋಗವನ್ನು ಬೇಗ ಗುರುತಿಸಿ, ಮೊದಲ ಕೆಲವು ವರ್ಷ ರೋಗಿಯನ್ನೂ ಮನೆಯವರನ್ನೂ ಕೈಬಿಡದೆ ನೋಡಿಕೊಳ್ಳುವ ಕ್ರಮಕ್ಕೆ ಆರಂಭಿಕ ಚಿಕಿತ್ಸೆ ಎಂದು ಹೆಸರು. ಅದರಿಂದ ಹಣ ಉಳಿಯುತ್ತದೆಂಬ ವಾದ ಹುಟ್ಟಿದ್ದು ಆಸ್ಪತ್ರೆಯ ಹಾಸಿಗೆಗಳಿಗೆ ದುಬಾರಿ ವೆಚ್ಚವಿರುವ ದೇಶಗಳಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಆದರೆ ವಾದ ಅಲ್ಲಿಗೆ ಬಿದ್ದುಹೋಗುವುದಿಲ್ಲ. ಇಲ್ಲಿ ಉಳಿತಾಯ ಸರ್ಕಾರದ ಖಜಾನೆಗಿಂತ ಮೊದಲು ಮನೆಯ ಜಮಾಖರ್ಚಿನಲ್ಲಿ ಕಾಣುತ್ತದೆ, ಕರ್ನಾಟಕದಲ್ಲೇ ನಡೆದ ಅಧ್ಯಯನಗಳು ಅದಕ್ಕೆ ಆಧಾರ ಒದಗಿಸುತ್ತವೆ.

ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗಾರಿ 1992ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಪಿಕ್ ಎಂಬ ಕೇಂದ್ರ ಆರಂಭಿಸಿದರು. ಎಂಟು ವರ್ಷಗಳ ನಂತರದ ಸ್ಥಿತಿಯನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಚಿಕಿತ್ಸೆ ಪಡೆದವರಿಗೆ ತಗಲುತ್ತಿದ್ದ ವಾರ್ಷಿಕ ವೆಚ್ಚ ಮಾಮೂಲಿ ಚಿಕಿತ್ಸೆ ಪಡೆದವರದ್ದರ ಸುಮಾರು ಮೂರನೇ ಒಂದು ಭಾಗ. ಇಂಗ್ಲೆಂಡ್ 2000ದ ಆರೋಗ್ಯ ಯೋಜನೆಯಲ್ಲಿ ಇಂಥ 50 ತಂಡಗಳನ್ನು ಕಟ್ಟಲು ನಿರ್ಧರಿಸಿತು. ಇಂಥ ಸೇವೆಗಳಿಂದಾದ ಉಳಿತಾಯದ ದೊಡ್ಡ ಪಾಲು ಮತ್ತೆ ಮತ್ತೆ ಆಸ್ಪತ್ರೆ ಸೇರುವುದು ತಪ್ಪಿದ್ದರಿಂದ ಬಂದದ್ದು. ಹಾಸಿಗೆಯೇ ಇಲ್ಲದ ಕಡೆ ಈ ಅಂಕಿಗಳನ್ನು ಎತ್ತಿ ಹೇಳುವುದು ಅರ್ಧ ಸುಳ್ಳು ಹೇಳಿದಂತೆಯೇ.

ಕರ್ನಾಟಕದ ದಾರಿ ಬೇರೆ. ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಈ ಕಾಯಿಲೆ ನಿಭಾಯಿಸಬಹುದೇ ಎಂದು ಪರೀಕ್ಷಿಸಿತು. ಅದೇ ಪ್ರಯತ್ನ 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿತು. 1996ರಲ್ಲಿ ಕೇಂದ್ರ ಸರ್ಕಾರ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ವೆಚ್ಚದ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಗ್ರಾಮೀಣ ಕರ್ನಾಟಕದಲ್ಲಿ ಚಿಕಿತ್ಸೆಯೇ ಪಡೆಯದ ಅಥವಾ ಚಿಕಿತ್ಸೆ ನಿಂತುಹೋಗಿದ್ದ 100 ಸ್ಕಿಜೋಫ್ರೀನಿಯಾ (ಮನೋವಿಕೃತಿಯ ಒಂದು ಬಗೆ) ರೋಗಿಗಳನ್ನು ಅವರು ಒಂದೂವರೆ ವರ್ಷ ಹಿಂಬಾಲಿಸಿದರು. ಔಷಧ ಮತ್ತು ಮನೆಭೇಟಿಯ ಖರ್ಚು ಏರಿತು. ಅದರ ಜೊತೆಗೆ ಮಾಂತ್ರಿಕರು, ನಾಟಿ ಚಿಕಿತ್ಸಕರ ಬಳಿ ಸುರಿಯುತ್ತಿದ್ದ ಹಣ ಮತ್ತು ರೋಗಿಯನ್ನು ಕಾಯಲು ಮನೆಯವರು ಕಳೆಯುತ್ತಿದ್ದ ಹೊತ್ತು ಇಳಿಯಿತು. 2005ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ಅನಂತರ ತುಮಕೂರು ಜಿಲ್ಲೆಯ ತುರುವೇಕೆರೆ, ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ನಿಮ್ಹಾನ್ಸ್ ಇಡೀ ತಾಲ್ಲೂಕನ್ನೇ ಘಟಕವಾಗಿ ಹಿಡಿದು ಕೆಲಸ ಮಾಡಿತು. ತೀರ್ಥಹಳ್ಳಿಯಲ್ಲಿ ಔಷಧ ಪಡೆಯುತ್ತಿದ್ದವರ ಅಸಾಮರ್ಥ್ಯ ಪಡೆಯದವರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಜಗಳೂರಿನಲ್ಲಿ ಔಷಧ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಕ್ಕಿದಾಗ ಮನೆಯವರ ಕೈಯಿಂದ ಹೋಗುತ್ತಿದ್ದ ದುಡ್ಡು ಇಳಿಯಿತು.

ಇವು ಬಹುಮಟ್ಟಿಗೆ ವರ್ಷಗಟ್ಟಲೆ ಹಳೆಯ ರೋಗಿಗಳ ಅಧ್ಯಯನಗಳು, ಆರಂಭಿಕ ಚಿಕಿತ್ಸೆಯವಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಅವು ತಡವಾದರೆ ಏನೇನು ಖರ್ಚಾಗುತ್ತದೆ ಎಂಬ ಪಟ್ಟಿ ಒದಗಿಸುತ್ತವೆ, ಮತ್ತು ಆ ಪಟ್ಟಿಯ ಬಹುತೇಕ ಬಾಬುಗಳು ಚಿಕಿತ್ಸೆಗೆ ಮೊದಲಿನ ವರ್ಷಗಳವು. ಕಲಬುರಗಿಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಆ ಬಾಬುಗಳು ಎದ್ದು ಕಾಣುತ್ತವೆ. ಈ ಮೂರನ್ನೂ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದವೆಂದು ಗುರುತಿಸಿತ್ತು. ಮಳೆ ನಂಬಿದ ತೊಗರಿ ಬೇಸಾಯ, ಕೂಲಿ, ಸೊಲ್ಲಾಪುರ, ಪುಣೆ, ಮುಂಬೈಗೆ ಗುಳೆ, ಇವೇ ಇಲ್ಲಿನ ಬಡವರ ಆದಾಯದ ದಾರಿಗಳು. ಮಗನಿಗೆ ಗಾಳಿ ಸೋಂಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡ ಮನೆಯವರು ಮೊದಲು ಹೋಗುವುದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ, ಆಳಂದದ ಲಾಡ್ಲೆ ಮಶಾಯಕ ದರ್ಗಾಕ್ಕೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದಲೂ ಇಂಥವರನ್ನು ಕರೆತರುತ್ತಾರೆ. ಅಲ್ಲಿ ಸಿಗುವ ಸಮಾಧಾನವನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಸೇವೆಗೆಂದು ವಾರಗಟ್ಟಲೆ ಉಳಿದರೆ ಕೂಲಿ ಹೋಗುತ್ತದೆ, ಕಾಯಲು ನಿಂತವರ ಕೂಲಿಯೂ ಹೋಗುತ್ತದೆ, ಊರಿಗೆ ಮರಳುವ ಹೊತ್ತಿಗೆ ಸಾಲವಾಗಿರುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೂ ಬೇರೆ ರಾಜ್ಯಗಳಲ್ಲಿ ಕುಟುಂಬಗಳು ಚಿಕಿತ್ಸೆ ಮತ್ತು ಓಡಾಟಕ್ಕೆ ತಿಂಗಳಿಗೆ ಸುಮಾರು 1,000ದಿಂದ 1,500 ರೂಪಾಯಿ ತೆರುತ್ತಿದ್ದವೆಂದು ಅದು ತೋರಿಸಿತು. ಓಡಾಟವೂ ಆ ಲೆಕ್ಕದಲ್ಲಿದೆ ಎಂಬುದನ್ನು ಗಮನಿಸಬೇಕು. ಆಳಂದ, ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ., ಅಫಜಲಪುರದಿಂದ ಇನ್ನೂ ದೂರ; ಹಳ್ಳಿಯಿಂದ ತಾಲ್ಲೂಕಿನವರೆಗಿನ ದಾರಿ ಬೇರೆ.

ಬಡದೇಶಗಳಲ್ಲಿ ಈ ರೋಗ ತಾನಾಗಿಯೇ ಚೆನ್ನಾಗಿ ವಾಸಿಯಾಗುತ್ತದೆ, ಹಾಗಾಗಿ ವಿಶೇಷ ಖರ್ಚು ಬೇಡ ಎಂಬ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಬಹುರಾಷ್ಟ್ರೀಯ ಅಧ್ಯಯನಗಳು ಭಾರತದ ರೋಗಿಗಳ ಸ್ಥಿತಿ ಪಾಶ್ಚಾತ್ಯರಿಗಿಂತ ಮೇಲೆಂದದ್ದು ನಿಜ. ಆದರೆ ಚಿಕಿತ್ಸೆ ಇಲ್ಲದೆ ಉಳಿದವರು ತೀರ್ಥಹಳ್ಳಿಯಲ್ಲಿ ಚೇತರಿಸಿಕೊಂಡು ಕುಳಿತಿರಲಿಲ್ಲ. ಕುಟುಂಬದ ಆಸರೆ ಔಷಧಕ್ಕೆ ಬದಲಿಯಲ್ಲ. ಔಷಧ ಕೆಲಸ ಮಾಡಲು ನೆರವಾಗುವ ಬಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆರಂಭಿಕ ಚಿಕಿತ್ಸೆಯನ್ನು ಪರೀಕ್ಷಿಸಿದ ಡೆನ್ಮಾರ್ಕ್‌ನ ಓಪಸ್ ಪ್ರಯೋಗದಲ್ಲಿ ಎರಡು ವರ್ಷಕ್ಕೆ ಕಂಡ ರೋಗಲಕ್ಷಣಗಳ ಇಳಿಕೆ, ವಿಶೇಷ ಸೇವೆ ನಿಂತ ಮೇಲೆ, ಐದನೇ ವರ್ಷಕ್ಕೆ ಬಹುಮಟ್ಟಿಗೆ ಕರಗಿತು. ಬೇಗ ಆರಂಭಿಸುವುದಷ್ಟೇ ಸಾಲದು, ಮುಂದುವರಿಸಬೇಕು ಎಂಬುದು ಇದರ ಅರ್ಥ. ದುಡಿಮೆಯಿಂದಲೇ ಮನುಷ್ಯನನ್ನು ಅಳೆಯುವುದು ಕ್ರೂರ ಎಂಬವರಿಗೂ ಉತ್ತರವಿದೆ: ಹೊಲ, ಅಡುಗೆ, ಮಕ್ಕಳನ್ನು ನೋಡುವ ಹೆಂಗಸರ ಕೂಲಿಯಿಲ್ಲದ ದುಡಿಮೆಯನ್ನು ಹಿಡಿಯದ ಯಾವ ಲೆಕ್ಕವೂ ಇಲ್ಲಿ ಅರೆಬರೆಯೇ. ರೋಗಿಯನ್ನು ಕಾಯುವ ಹೊಣೆ ಬಹುಪಾಲು ಅವರ ಮೇಲೆಯೇ ಬೀಳುತ್ತದೆ.

ರಾಜ್ಯ ಸರ್ಕಾರ 2014ರಲ್ಲಿ ತಂದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತಾದ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. 2022ರ ಅಕ್ಟೋಬರ್ 10ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇದೆ. ಉಳಿದ ಕೊರತೆ ಗುಳೆಯದು. ಸುಗ್ಗಿ ಮುಗಿದು ಮನೆಮಂದಿ ಸೊಲ್ಲಾಪುರ ದಾಟಿದರೆ ಗುಳಿಗೆ ನಿಲ್ಲುತ್ತದೆ, ಅಲ್ಲಿಯವರೆಗೆ ಹಾಕಿದ ಖರ್ಚಿನ ಫಲವೂ ನಿಲ್ಲಬಹುದು. ಹೊರಡುವ ಮುನ್ನ ಎರಡು ಮೂರು ತಿಂಗಳ ಔಷಧ ಒಟ್ಟಿಗೆ ಕೊಡುವುದು, ಒಪ್ಪುವವರಿಗೆ ತಿಂಗಳಿಗೊಮ್ಮೆಯ ಚುಚ್ಚುಮದ್ದು, ದುಡಿಯುವ ಊರಿನ ಆಸ್ಪತ್ರೆಗೆ ತೋರಿಸಲು ಒಂದು ಚೀಟಿ, ಇವಕ್ಕೆ ಬೀಳುವ ಖರ್ಚು ಕೆಲವೇ ದಿನಗಳ ಕೂಲಿಯಷ್ಟು.