ಆಗಲ್ಲ, ಮಾಡಲ್ಲ

2025ರ ಅಕ್ಟೋಬರಿನಲ್ಲಿ ಶಿವಮೊಗ್ಗದಿಂದ ಅಪ್ಪ ಫೋನ್ ಮಾಡಿದರು. "ಏನೋ, ಈ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಆಗಲ್ವಂತೆ. ಪರದೆ ಮೇಲೆ ಹಾಗಂತ ಬರ್ತಿದೆ."

2016ರಲ್ಲಿ ನಾನೇ ಕೊಡಿಸಿದ ಯಂತ್ರ ಅದು. ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರ್. ಅಪ್ಪನ ಪೆನ್ಷನ್ ಲೆಕ್ಕ, ಬ್ಯಾಂಕಿನ ವ್ಯವಹಾರ, ನುಡಿಯಲ್ಲಿ ಟೈಪ್ ಮಾಡಿಟ್ಟ ನೆನಪುಗಳು ಎಲ್ಲವೂ ಅದರಲ್ಲೇ ಇವೆ. ವಿಂಡೋಸ್ 10ರ ಸಪೋರ್ಟ್ ಆ ತಿಂಗಳ 14ಕ್ಕೆ ಮುಗಿದಿತ್ತು. "ಹೌದಪ್ಪ, ಅದು ಹಳೇದಾಯ್ತು" ಎಂದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅಷ್ಟಕ್ಕೇ ಬಿಡುತ್ತಾರೆಯೇ? "ಆಗಲ್ವೋ, ಅವರು ಮಾಡಲ್ವೋ? ಎರಡೂ ಒಂದೇ ಅಲ್ಲ ನೋಡು."

ಪುಣೆಯಲ್ಲಿ ಕೂತು ಇಪ್ಪತ್ತು ವರ್ಷಗಳಿಂದ ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುತ್ತಿರುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವವರ ಇತಿಹಾಸವನ್ನು ಅಪ್ಪನ ಆ ಪ್ರಶ್ನೆ ಹಿಡಿದು ಮತ್ತೊಮ್ಮೆ ನೆನಪಿಸಿಕೊಂಡೆ.

ನನ್ನ ಮಟ್ಟಿಗೆ ಅದು ಶುರುವಾದದ್ದು ಹಾಸ್ಟೆಲಿನಲ್ಲಿ. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಲಿಪಿಗಳಿಗೆ ಜಾಗ ಸಿಕ್ಕಿತ್ತು, ಕನ್ನಡಕ್ಕೆ ಸಿಕ್ಕಿರಲಿಲ್ಲ. ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನ ಜೊತೆ ಕನ್ನಡ ಯೂನಿಕೋಡ್ ಬಂತು. ಕಂಪನಿ ಹೇಳಿದ್ದು ಕನಿಷ್ಠ 64 ಎಂಬಿ ಮೆಮೊರಿ, 128 ಇದ್ದರೆ ಒಳ್ಳೆಯದು ಎಂದು. ನಾವು ನಾಲ್ವರು ಸೇರಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಇದ್ದದ್ದೇ 64. ಎಕ್ಸ್‌ಪಿ ಹಾಕಿದೆವು. ಸ್ವಿಚ್ ಹಾಕಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಸೆಟ್ಟಿಂಗ್‌ನಲ್ಲಿ ಒಂದು ಗುರುತು ಹಾಕಿ ಸಿಡಿಯನ್ನು ಮತ್ತೆ ತುರುಕಿದ ಮೇಲೆ, ಚೌಕಗಳಿದ್ದಲ್ಲಿ ಒತ್ತಕ್ಷರ ಸಮೇತ ಕನ್ನಡ ಮೂಡಿತು. ಹಳೆಯ ಯಂತ್ರಕ್ಕೆ ಹೊಸದನ್ನು ಹಾಕುವುದು ಬರೀ ಚಪಲವಲ್ಲ, ಅದರ ಹಿಂದೆ ಒಂದು ಅಗತ್ಯ ಇರುತ್ತದೆ ಎಂದು ಅಂದೇ ಗೊತ್ತಾಯಿತು.

ಇದೇ ಕಾಲದಲ್ಲಿ ಆ್ಯಪಲ್ ಬಳಗದಲ್ಲಿ ದೊಡ್ಡ ಕಥೆಯೇ ನಡೆಯುತ್ತಿತ್ತು. 2001ರ ಮಾರ್ಚಿನಲ್ಲಿ ಬಂದ ಮ್ಯಾಕ್ ಓಎಸ್ ಟೆನ್, ಜಿ3 ಪ್ರೊಸೆಸರ್ ಇರುವ ಯಂತ್ರಗಳಿಗೆ ಮಾತ್ರ ಎಂದಿತು. ಅದಕ್ಕಿಂತ ಹಿಂದಿನ ಪವರ್ ಮ್ಯಾಕ್‌ಗಳನ್ನು ದುಬಾರಿ ಬೆಲೆ ಕೊಟ್ಟು ಕೊಂಡವರು ಹೊರಗುಳಿದರು. ಆದರೆ ಆ ವ್ಯವಸ್ಥೆಯ ತಳಪಾಯವಾದ ಡಾರ್ವಿನ್‌ನ ಮೂಲ ಕೋಡನ್ನು ಆ್ಯಪಲ್ ಬಹಿರಂಗವಾಗಿ ಇಟ್ಟಿತ್ತು. ರಯಾನ್ ರೆಂಪೆಲ್ ಎಂಬ ಪ್ರೋಗ್ರಾಮರ್ ಅದನ್ನು ಬಳಸಿಕೊಂಡು, ಹಳೆಯ ಯಂತ್ರಗಳಿಗೆ ಬೇಕಾದ ಭಾಗಗಳನ್ನು ಸೇರಿಸಿ, ಎಕ್ಸ್‌ಪೋಸ್ಟ್‌ಫ್ಯಾಕ್ಟೋ ಎಂಬ ಸಾಧನ ಮಾಡಿದರು. 'ಆಗಲ್ಲ' ಎಂದದ್ದು ಆಯಿತು. ಆದರೆ ಅದಕ್ಕೆ ಯಾರಾದರೂ ಕೂತು ಕೆಲಸ ಮಾಡಬೇಕಾಯಿತು.

2007ರಲ್ಲಿ ಲೆಪರ್ಡ್ ಬಂದಾಗ ಕಥೆ ಬೇರೆ. ಜಿ4 ಪ್ರೊಸೆಸರ್ ಇದ್ದರೆ ಅದರ ವೇಗ 867 ಮೆಗಾಹರ್ಟ್ಸ್ ಇರಲೇಬೇಕು ಎಂಬ ನಿಯಮ. 800 ಇದ್ದವರಿಗೆ ಬಾಗಿಲು ಬಂದ್. ಲೆಪರ್ಡ್‌ಅಸಿಸ್ಟ್ ಎಂಬ ಪುಟ್ಟ ಸಾಧನ ಮಾಡಿದ್ದು ಇಷ್ಟೇ: ನನ್ನ ವೇಗ ಸಾಕಷ್ಟಿದೆ ಎಂದು ಯಂತ್ರದ ಫರ್ಮ್‌ವೇರ್ ಕೈಯಲ್ಲಿ ಸ್ವಲ್ಪ ಹೊತ್ತು ಸುಳ್ಳು ಹೇಳಿಸಿತು. ಇನ್‌ಸ್ಟಾಲರ್ ಒಳಗೆ ಬಿಟ್ಟಿತು. ಅಪ್ಪನ ಮಾತಿನಲ್ಲಿ ಇದು ಅಪ್ಪಟ 'ಮಾಡಲ್ಲ'.

ಎರಡೇ ವರ್ಷಕ್ಕೆ, 2009ರಲ್ಲಿ ಬಂದ ಸ್ನೋ ಲೆಪರ್ಡ್ ಇಂಟೆಲ್ ಪ್ರೊಸೆಸರುಗಳಿಗೆ ಮಾತ್ರ. ಪವರ್‌ಪಿಸಿಯ ಭಾಷೆಯೇ ಬೇರೆ. ಅದಕ್ಕೆ ಅರ್ಥವಾಗುವ ಕೋಡೇ ಆ ಡಿಸ್ಕಿನಲ್ಲಿ ಇರಲಿಲ್ಲ. ಎಂಥ ಜಾಣನ ತೇಪೆಯೂ ನಡೆಯದ ಜಾಗ ಅದು. ಇದು 'ಆಗಲ್ಲ'.

'ಆಗಲ್ಲ'ವನ್ನಾಗಲಿ 'ಮಾಡಲ್ಲ'ವನ್ನಾಗಲಿ ಮುಚ್ಚುಮರೆಯಿಲ್ಲದೆ ಹೇಳಿದ ಉದಾಹರಣೆಯೂ ಇದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದು ಇಂಟೆಲ್ 386 ಯಂತ್ರದ ಮೇಲೆ. 2012ರ ಡಿಸೆಂಬರಿನಲ್ಲಿ ಅದೇ 386ನ್ನು ಲಿನಕ್ಸ್ ಕೈಬಿಟ್ಟಿತು. ಆ ಹಳೆಯ ಚಿಪ್ಪಿನಲ್ಲಿ ಕೆಲವು ಆದೇಶಗಳೇ ಇಲ್ಲ. ಅದಕ್ಕಾಗಿ ಉಳಿದವರೆಲ್ಲ ಹೆಚ್ಚುವರಿ ಕೆಲಸ ಹೊರಬೇಕಾಗಿದೆ ಎಂಬ ಕಾರಣ ಎಲ್ಲರೆದುರಿಗೇ ಬಂತು. ಹೆತ್ತ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ ಹಾಗೆ. ಬೇಸರವಾಗಬಹುದು, ಮೋಸ ಅನ್ನಿಸುವುದಿಲ್ಲ.

ಈಗ ಅಪ್ಪನ ಲ್ಯಾಪ್‌ಟಾಪಿಗೆ ಬರೋಣ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟು, ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಭದ್ರತೆಯ ಕಾರಣ ಸುಳ್ಳಲ್ಲ. ಆದರೂ ಹಳೆಯ ಪ್ರೊಸೆಸರಿನಲ್ಲಿ ಈ ತಪಾಸಣೆ ದಾಟುವುದಕ್ಕೆ ರಿಜಿಸ್ಟ್ರಿಯಲ್ಲಿ ಏನು ಬದಲಿಸಬೇಕೆಂದು ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿತ್ತು, ಮುಂದೆ ಅಪ್‌ಡೇಟ್‌ಗಳ ಖಾತರಿ ಇಲ್ಲ ಎಂಬ ಎಚ್ಚರಿಕೆಯೊಂದಿಗೆ. ನಿಜವಾದ ಗೋಡೆ ಬಂದದ್ದು 2024ರಲ್ಲಿ. ಆ ವರ್ಷದ ಆವೃತ್ತಿಗೆ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಆದೇಶಗಳಿಲ್ಲದೆ ಏಳಲಿಕ್ಕೇ ಆಗದು. ಇಂಟೆಲ್‌ನಲ್ಲಿ ಇವು 2008ರ ನೆಹಾಲೆಮ್‌ನಿಂದಲೇ ಇವೆ. ಅಂದರೆ ಅಪ್ಪನ ಯಂತ್ರದ ಮುಂದಿದ್ದದ್ದು 'ಮಾಡಲ್ಲ'ದ ಬೋರ್ಡು ಮಾತ್ರ.

ಬರೆಯುತ್ತಾ ನನ್ನದೇ ಒಂದು ಇಮೇಲ್ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಣ್ಣ ಗ್ರಾಹಕರು, ನಮ್ಮ ಹಳೆಯ ಯಂತ್ರಗಳಲ್ಲೂ ನಿಮ್ಮ ಹೊಸ ಆವೃತ್ತಿ ಓಡುವಂತೆ ಮಾಡಿಕೊಡಿ ಎಂದು ಕೇಳಿದ್ದರು. ನನ್ನ ತಂಡದ ಹುಡುಗಿ ಎರಡು ವಾರದ ಕೆಲಸ ಸಾರ್ ಎಂದಿದ್ದಳು. ಬಜೆಟ್ ಇರಲಿಲ್ಲ. ನಾನು ಬರೆದ ಉತ್ತರ: "ತಾಂತ್ರಿಕವಾಗಿ ಸಾಧ್ಯವಿಲ್ಲ." ಅವರು ನಂಬಿದರು, ನಂಬದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಇದ್ದ ಕಂಪ್ಯೂಟರುಗಳನ್ನೆಲ್ಲ ಬದಲಿಸಿದರು ಎಂದು ಆಮೇಲೆ ತಿಳಿಯಿತು. 'ಮಾಡಲ್ಲ' ಎಂದು ನಿಜ ಹೇಳಿದ್ದರೆ ಅವರು ಆ ಎರಡು ವಾರದ ದುಡ್ಡು ಕೊಡಲು ಒಪ್ಪುತ್ತಿದ್ದರೋ ಏನೋ. ಕೇಳುವ ಅವಕಾಶವನ್ನೇ ನಾನು ಕಿತ್ತುಕೊಂಡಿದ್ದೆ.

ದೀಪಾವಳಿಗೆ ಊರಿಗೆ ಹೋದೆ. ರಿಜಿಸ್ಟ್ರಿ ತಿದ್ದಿ ವಿಂಡೋಸ್ 11 ಹಾಕಬಹುದಿತ್ತು. ಆದರೆ ಯಾವತ್ತೋ ಒಂದು ದಿನ ಅಪ್‌ಡೇಟ್ ನಿಂತರೆ ಅಪ್ಪ ಒಬ್ಬರೇ, ನಾನು ಪುಣೆಯಲ್ಲಿ. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೂ ಇತ್ತು. ಅದು ಪ್ರಶ್ನೆಯನ್ನು ಮುಂದೂಡುತ್ತದೆ ಅಷ್ಟೆ. ಕೊನೆಗೆ ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಇಳಿಸಿದೆ. ನುಡಿಯ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸಲು ಎರಡು ರಾತ್ರಿ ಹಿಡಿಯಿತು.

"ಈಗ ಹೇಳು, ಆಗಲ್ವಾ ಮಾಡಲ್ವಾ?" ಅಪ್ಪ ಬಿಡಲಿಲ್ಲ.

"ಆಗುತ್ತೆ ಅಪ್ಪ. ಅವರು ಮಾಡಲ್ಲ ಅಂದ್ರು, ಅದಕ್ಕೇ ನಾನು ಮಾಡಿದೆ. ಇನ್ನು ಮುಂದೆ ಏನಾದ್ರೂ ಆದರೂ ನಾನೇ ಮಾಡಬೇಕು. ಫೋನ್ ಮಾಡಿ."

ಮಾರನೆಯ ವಾರವೇ ಮಾಡಿದರು. ಪ್ರಿಂಟರ್ ಓಡುತ್ತಿಲ್ಲವಂತೆ.