ಬೆರಳರಿಯದ ಗಡಸು

ಧಾರವಾಡ–ಅಳ್ನಾವರ ರೈಲುದಾರಿಯ ಮೇಲಿರುವ ಮುಗದ ಕುಂಬಾರಿಕೆಗೆ ಹೆಸರಾದ ಊರು. ಗಡಿಗೆ ಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಕಣ್ಣನ್ನಷ್ಟೇ ನಂಬುವುದಿಲ್ಲ. ಬೆರಳಿನಿಂದ ಬಡಿದು ನೋಡುವರು. ಒಡಕು ಕಣ್ಣಿಗೆ ಮರೆಯಾದರೂ ದನಿಗೆ ಮರೆಯಾಗದು. ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಇಂಥದೇ ಒಂದು ಕಥೆಯುಂಟು. ಅದನ್ನು ವಾಚಕರ ಮುಂದಿಡಬೇಕೆಂದು ನನ್ನ ಆಸೆ.

ಮೈಮುಟ್ಟಿ ರೋಗವನ್ನರಿಯುವುದು ಹಳೆಯ ವಿದ್ಯೆ. ಆಯುರ್ವೇದವು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆಯ ಪರೀಕ್ಷೆಗಳನ್ನು ಹೇಳಿತು. 1761ರಲ್ಲಿ ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್ ಎದೆಯನ್ನು ಬೆರಳಿನಿಂದ ಬಡಿದು ಒಳಗಿನ ಸ್ಥಿತಿಯನ್ನರಿಯುವ ಕ್ರಮವನ್ನು ಪ್ರಕಟಿಸಿದನು. ಆದರೆ ಬೆರಳಿಗೂ ಮಿತಿಯುಂಟು. ಎದೆಯ ಆಳದಲ್ಲಿರುವ ಚಿಕ್ಕ ಗಂಟು ಕೈಗೆ ಸಿಗದು; ಯಕೃತ್ತು ನಾರುಗಟ್ಟಿ ಗಡಸಾಗುತ್ತಿರುವುದು ಬಹುಕಾಲ ರೋಗಿಗೇ ತಿಳಿಯದು.

ಅಲ್ಟ್ರಾಸೌಂಡ್ ಬಂದಮೇಲೆ ಒಳಗಿನ ಅಂಗಗಳು ಪರದೆಯ ಮೇಲೆ ಕಂಡವು. ಆದರೆ ಅದು ಪ್ರತಿಧ್ವನಿಯ ಚಿತ್ರ, ಗಡಸುತನದ ಚಿತ್ರವಲ್ಲ. ಸುತ್ತಲಿನ ಮಾಂಸದಷ್ಟೇ ಪ್ರತಿಧ್ವನಿ ಕೊಡುವ ಗಟ್ಟಿ ಗಂಟು ಅದರಲ್ಲಿ ಬೇರೆಯಾಗಿ ಕಾಣದು. 1991ರಲ್ಲಿ ಅಮೇರಿಕದ ಹ್ಯೂಸ್ಟನ್ನಿನ ಜೊನಾಥನ್ ಓಫಿರ್ ಮತ್ತು ಸಂಗಡಿಗರು ಒಂದು ಸರಳ ಉಪಾಯವನ್ನು ಪ್ರಕಟಿಸಿದರು: ಒತ್ತುವ ಮುನ್ನ ಒಮ್ಮೆ, ತುಸು ಒತ್ತಿ ಮತ್ತೊಮ್ಮೆ ಪ್ರತಿಧ್ವನಿಯನ್ನು ಹಿಡಿದು ಹೋಲಿಸುವುದು. ಮೆತ್ತಗಿನದು ಹೆಚ್ಚು ಕುಗ್ಗುವುದು, ಗಡಸಾದುದು ಕಡಿಮೆ. ಈ ವ್ಯತ್ಯಾಸವೇ ಚಿತ್ರವಾಯಿತು. ಎಲಾಸ್ಟೋಗ್ರಫಿ ಎಂಬ ಹೆಸರು ಪಡೆಯಿತು.

ಆದರೆ ಚಿತ್ರದಲ್ಲಿ ಸುಳ್ಳು ಕಲೆಗಳೂ ಮೂಡುತ್ತಿದ್ದವು. ಕಲೆಯನ್ನು ಗಂಟೆಂದು ಬಗೆದರೆ ಇಲ್ಲದ ರೋಗದ ಅಂಜಿಕೆ. ಗಂಟನ್ನು ಕಲೆಯೆಂದು ಬಿಟ್ಟರೆ ಜೀವಕ್ಕೇ ಅಪಾಯ. ದೋಷದ ಮೂಲ ಒತ್ತುವಿಕೆಯಲ್ಲಿಯೇ ಇದ್ದಿತು. ಒತ್ತಿದಾಗ ಪ್ರತಿಧ್ವನಿಯ ಆಕಾರವೇ ಬದಲಾಗಿ ಮೊದಲಿನದರೊಡನೆ ತಾಳೆಯಾಗದು. 1993ರಲ್ಲಿ ಸೆಸ್ಪೆಡೆಸ್ ಮತ್ತು ಓಫಿರ್, ಕುಗ್ಗಿದ ಸಂಕೇತವನ್ನು ಮತ್ತೆ ಹಿಗ್ಗಿಸಿ ಹೋಲಿಸುವ ದಾರಿ ತೋರಿಸಿದರು. 1997ರಲ್ಲಿ ವರ್ಗೀಸ್ ಮತ್ತು ಓಫಿರ್ ಒತ್ತಿನ ಲೆಕ್ಕವನ್ನೇ ಬಿಡಿಸಿಟ್ಟರು: ತೀರ ಕಡಿಮೆ ಒತ್ತಿದರೆ ಯಂತ್ರದ ಗದ್ದಲದಲ್ಲಿ ಕುಗ್ಗುವಿಕೆ ಮುಳುಗುವುದು, ಹೆಚ್ಚು ಒತ್ತಿದರೆ ಸಂಕೇತ ಕೆಡುವುದು, ನಡುವಿನ ಹದದಲ್ಲಿಯೇ ಚಿತ್ರ ಶುದ್ಧ. ಸ್ವಲ್ಪಸ್ವಲ್ಪವೇ ಹಲವು ಸಲ ಒತ್ತಿ ಸರಾಸರಿ ತೆಗೆದರೆ ಕಲೆ ಇನ್ನೂ ತಗ್ಗುವುದು. ಹದವೆಂದರೇನೆಂದು ಕುಂಬಾರನಿಗೆ ಯಾರೂ ಹೇಳಬೇಕಿಲ್ಲ!

ಉಳಿದದ್ದು ಒತ್ತುವ ಕೈಯ ದೋಷ. ಒಬ್ಬರ ಕೈಯಂತೆ ಇನ್ನೊಬ್ಬರ ಕೈಯಿಲ್ಲ. ಫ್ರಾನ್ಸಿನ ವಿಜ್ಞಾನಿಗಳು ಕೈಯೊತ್ತನ್ನೇ ಬಿಟ್ಟು, ಮಾಂಸದಲ್ಲಿ ಅಡ್ಡ ಅಲೆಯನ್ನೆಬ್ಬಿಸಿ ಅದರ ವೇಗವನ್ನಳೆದರು. ಮೈಯೊಳಗೆ ಶಬ್ದವು ಸೆಕೆಂಡಿಗೆ ಸುಮಾರು 1540 ಮೀಟರ್ ಓಡಿದರೆ ಈ ಅಲೆ ಕೆಲವೇ ಮೀಟರ್ ಸಾಗುವುದು. ಗಡಸು ಹೆಚ್ಚಿದಷ್ಟೂ ವೇಗ ಹೆಚ್ಚು. 2003ರಲ್ಲಿ ಸಾಂಡ್ರಿನ್ ಮತ್ತು ಸಂಗಡಿಗರು ಹೀಗೆ ಯಕೃತ್ತಿನ ಗಡಸನ್ನಳೆದುದನ್ನು ಪ್ರಕಟಿಸಿದರು. 2004ರಲ್ಲಿ ಬರ್ಕಾಫ್, ಟಾಂಟೆರ್, ಫಿಂಕ್ ಇವರು ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಅಲೆಯ ಓಟವನ್ನೇ ಸೆರೆಹಿಡಿದರು. ಯಕೃತ್ತಿಗೆ ಸೂಜಿ ಚುಚ್ಚಿ ತುಣುಕು ತೆಗೆಯುವ ನೋವು ಇದರಿಂದ ಎಷ್ಟೋ ರೋಗಿಗಳಿಗೆ ತಪ್ಪಿದೆ.

ಗಂಟು ಕ್ಯಾನ್ಸರೋ ಅಲ್ಲವೋ ಎಂಬ ಕೊನೆಯ ತೀರ್ಪು ಈಗಲೂ ತುಣುಕಿನ ಪರೀಕ್ಷೆಯದೇ. ಯಂತ್ರವು ಕೈಯನ್ನು ಸೋಲಿಸಿತೆನ್ನಲು ನನಗೆ ಮನಸ್ಸಿಲ್ಲ. ಕೈ ಕೇಳಿದ ಪ್ರಶ್ನೆಯನ್ನೇ ಅದು ಇನ್ನೂ ಆಳಕ್ಕೆ ಒಯ್ದಿತು. ಆದರೆ ನಾಚಿಕೆಯಿಂದ ಗಂಟನ್ನು ಮುಚ್ಚಿಟ್ಟುಕೊಳ್ಳುವ ತಾಯಂದಿರು ನಮ್ಮಲ್ಲಿ ಈಗಲೂ ಇರುವರು. ಅವರು ವೈದ್ಯರ ಬಾಗಿಲಿಗೆ ಬಾರದೆ ಎಷ್ಟು ಚೊಕ್ಕ ಚಿತ್ರವಿದ್ದೂ ಫಲವೇನು? ಚಿತ್ರದ ಮಬ್ಬನ್ನು ವಿಜ್ಞಾನಿಗಳು ಕಳೆದರು. ಈ ಮಬ್ಬನ್ನು ಕಳೆಯುವುದು ನಮ್ಮ ಪಾಲಿನ ಕೆಲಸ.